ಕರಿಗೋಡೆಯ ಬಿರುಕು

ಮೊದಲ ಎಂಟು ಮೀಟರ್ ನೀರು ಸೊಪ್ಪು ಬೇಯಿಸಿದ ನೀರಿನ ಹಾಗೆ ಹಸಿರಾಗಿ ಕದಡಿತ್ತು. ಮುಂದೆ ಇಳಿಯುತ್ತಿದ್ದ ವೇದವತಿಯ ಕಾಲಿನ ಹಳದಿ ಫಿನ್‌ಗಳನ್ನು ಬಿಟ್ಟರೆ ಪಾವನಾಳಿಗೆ ಬೇರೇನೂ ಕಾಣುತ್ತಿರಲಿಲ್ಲ. ಆ ಹಳದಿಯನ್ನೇ ಹಿಡಿದುಕೊಂಡು ಅವಳು ಇಳಿದಳು. ಒಂದು ಕಡೆ ನೀರು ಬಿಸಿಲಲ್ಲಿ ಕಾದ ರಸ್ತೆಯ ಮೇಲಿನ ಗಾಳಿಯಂತೆ ನಡುಗಿತು. ಮೇಲಿನ ಸಪ್ಪೆ ನೀರು ಮುಗಿದು ಕೆಳಗಿನ ಉಪ್ಪುನೀರು ಶುರುವಾಗುವ ಜಾಗ ಅದು. ಅದನ್ನು ದಾಟಿದ್ದೇ ತಡ, ಎಲ್ಲವೂ ತಿಳಿಯಾಯಿತು. ಆರು ಡಿಗ್ರಿಯ ಚಳಿ ತುಟಿಗೆ ಕಚ್ಚಿತು. ಟಾರ್ಚಿನ ಬೆಳಕು ಬಿದ್ದ ಕಡೆ ಗೋಡೆ ಎದ್ದು ನಿಂತಿತ್ತು.

ಸಮುದ್ರದ ಚಾರ್ಟಿನಲ್ಲಿ ಅದಕ್ಕೆ ಬೇರೆ ಹೆಸರಿತ್ತು. ವೇದವತಿ ಮಾತ್ರ ಕರಿಗೋಡೆ ಎನ್ನುತ್ತಿದ್ದಳು. ಸ್ವೀಡನ್ನಿನ ಲೀಸೆಶೀಲ್ ಊರಿನ ಹತ್ತಿರ, ಸಮುದ್ರ ನೆಲದೊಳಗೆ ಚಾಚಿದ ಗುಲ್‌ಮಾರ್ ಫ್ಯೋರ್ಡಿನ ದಂಡೆಯಿಂದ ನೇರ ಕೆಳಕ್ಕೆ ಇಳಿದ ಕಪ್ಪು ಬಂಡೆ. ಹತ್ತಿರ ಹೋದರೆ ಕಪ್ಪು ಎಲ್ಲಿಯೂ ಇರಲಿಲ್ಲ. ಬೆರಳು ಅಗಲಿಸಿದ ಕೈಗಳಂಥ ಬಿಳಿ, ಕಿತ್ತಳೆ ಹವಳಗಳು. ಸೇವಂತಿಗೆಯಂತೆ ಅರಳಿ, ಬೆರಳು ಹತ್ತಿರ ತಂದರೆ ಮುಚ್ಚಿಕೊಳ್ಳುವ ಕಡಲಹೂಗಳು. ಗಾಜಿನ ಕೊಳವೆಯಂಥ ಜೀವಿಗಳು, ಒಳಗಿರುವುದೆಲ್ಲ ಕಾಣುವಷ್ಟು ತೆಳ್ಳಗೆ. ಮೇಲೆ ನಿಂತ ಯಾರಿಗಾದರೂ ಇದು ಬೂದು ಆಕಾಶದ ಕೆಳಗಿನ ಬೂದು ನೀರು ಅಷ್ಟೆ.

ಇಪ್ಪತ್ತನಾಲ್ಕು ಮೀಟರಿನಲ್ಲಿ ವೇದವತಿ ನಿಂತಳು. ಅವಳ ಟಾರ್ಚು ಅಡ್ಡಡ್ಡ ಸೀಳಿದ ಒಂದು ಬಿರುಕಿನೊಳಗೆ ನೆಟ್ಟಿತ್ತು. ಪಾವನಾ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದಳು. ಒಳಗಿನಿಂದ ಒಂದು ಮುಖ ಅವರನ್ನೇ ನೋಡುತ್ತಿತ್ತು. ನೀಲಿ ಬೂದು ಬಣ್ಣ, ಸುಕ್ಕುಗಟ್ಟಿದ ಹಣೆ, ದಪ್ಪ ತುಟಿಗಳ ನಡುವೆ ವಕ್ರವಾದ ಹಲ್ಲು. ಹಾವ್ಸ್‌ಕಾಟ್. ಕಡಲಬೆಕ್ಕು ಎಂದು ಸ್ವೀಡನ್ನಿನವರು ಕರೆಯುವ ಆ ಮೀನು ಈ ಫ್ಯೋರ್ಡಿನಲ್ಲಿ ಒಂದು ಕಾಲಕ್ಕೆ ಸಾಕಷ್ಟಿತ್ತಂತೆ. ವೇದವತಿ ಕೊನೆಯದನ್ನು ಕಂಡು ಹನ್ನೊಂದು ವರ್ಷವಾಗಿತ್ತು. ಆಮೇಲೆ ಪ್ರತಿ ಸಲವೂ ಈ ಗೋಡೆಯ ಒಂದೊಂದು ಬಿರುಕಿಗೂ ಟಾರ್ಚು ಬಿಟ್ಟು ಹುಡುಕಿದ್ದಳು. ಈಗ ಅವಳು ಪಾವನಾಳ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಐದು ನಿಮಿಷ ಇಬ್ಬರೂ ಅಲ್ಲಾಡಲಿಲ್ಲ.

ಅದಾದ ಮೇಲೆ ಏನೋ ತಪ್ಪಿತು.

ಪಾವನಾ ತನ್ನ ಗಾಳಿಯ ಮೀಟರ್ ನೋಡಿಕೊಂಡಳು. ಸಿಲಿಂಡರಿನಲ್ಲಿ ನೂರಿಪ್ಪತ್ತು ಬಾರ್ ಉಳಿದಿತ್ತು. ನೂರಹತ್ತಕ್ಕೆ ತಿರುಗಬೇಕು ಎನ್ನುವುದು ವೇದವತಿಯೇ ಕಲಿಸಿದ ನಿಯಮ. ಅಂಗೈಗೆ ಎರಡು ಬೆರಳು ತಟ್ಟಿ, ನಿಮ್ಮದೆಷ್ಟು ಎಂದು ಕೇಳಿದಳು. ವೇದವತಿ ಹೆಬ್ಬೆರಳು ತೋರುಬೆರಳು ಸೇರಿಸಿ, ಸರಿಯಾಗಿದೆ ಎಂದು ತೋರಿಸಿದಳು. ಲೆಕ್ಕ ಕೇಳಿದರೆ ಲೆಕ್ಕ ಹೇಳಬೇಕು. ಪಾವನಾ ಮತ್ತೆ ಕೇಳಿದಳು. ಮತ್ತೆ ಅದೇ ಉತ್ತರ. ವೇದವತಿ ಗೋಡೆಯನ್ನು ಬಲಕ್ಕೆ ಇಟ್ಟುಕೊಂಡೇ ಇನ್ನೂ ಮುಂದಕ್ಕೆ, ಇನ್ನೂ ಕೆಳಕ್ಕೆ ಹೊರಟಳು. ವಾಪಸು ಬರುವಾಗ ಗೋಡೆ ಎಡಕ್ಕಿರಬೇಕು. ಪಾವನಾ ಜೋರಾಗಿ ಕಾಲು ಬಡಿದು ಹೋಗಿ ಅವಳ ಮೀಟರನ್ನೇ ಕೈಗೆತ್ತಿಕೊಂಡು ನೋಡಿದಳು. ಎಪ್ಪತ್ತು.

ಭುಜ ಹಿಡಿದು ತಿರುಗಿಸಿದಳು. ಮಾಸ್ಕಿನ ಗಾಜಿನ ಹಿಂದೆ ವೇದವತಿಯ ಕಣ್ಣುಗಳು ತೆರೆದೇ ಇದ್ದವು, ಶಾಂತವಾಗಿದ್ದವು. ಅವು ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸನ್ನು ನೋಡುವ ಹಾಗೆ ಪಾವನಾಳನ್ನು ನೋಡಿದವು.

ಪಾವನಾ ಹೆಬ್ಬೆರಳು ಮೇಲೆತ್ತಿದಳು, ಮೇಲಕ್ಕೆ ಎಂದು. ವೇದವತಿಯ ಕೈಯನ್ನು ಬಿಡದೆ ಗೋಡೆಯನ್ನು ಎಡಕ್ಕೆ ಹಾಕಿಕೊಂಡು ಹೊರಟಳು. ಮೂರು ವರ್ಷಗಳಲ್ಲಿ ಪಾವನಾ ಮುಂದೆ ಹೋದದ್ದು ಅದೇ ಮೊದಲು. ಆರು ಮೀಟರಿನ ಹಸಿರು ನೀರಿಗೆ ಬಂದಾಗ ವೇದವತಿಯ ಮುಳ್ಳು ಇಪ್ಪತ್ತರ ಹತ್ತಿರ ಇತ್ತು. ಪಾವನಾ ತನ್ನ ಸಿಲಿಂಡರಿನ ಎರಡನೆಯ ನಳಿಗೆಯನ್ನು ಅವಳ ಬಾಯಿಗೆ ಕೊಟ್ಟಳು. ವೇದವತಿ ಹೇಳಿದ್ದನ್ನು ಮಾಡುವ ಮಗುವಿನಂತೆ ಅದನ್ನು ಕಚ್ಚಿಕೊಂಡಳು.

ದಡದ ಬಂಡೆಯ ಮೇಲೆ ಕೂತು ಹುಡ್ ತೆಗೆದಾಗ ಅವಳ ನೆರೆತ ಕೂದಲಿನಿಂದ ಹಬೆ ಏಳುತ್ತಿತ್ತು. ನಗುತ್ತಿದ್ದಳು.

"ಇವತ್ತು ನಿನಗೇ ಬಿಟ್ಟಿದ್ದೆ, ನೋಡೋಣ ಏನ್ ಮಾಡ್ತೀ ಅಂತ. ಪರವಾಗಿಲ್ಲ, ಚೊಲೋ ಕರ್ಕೊಂಡು ಬಂದಿ."

ಪಾವನಾ ಫಿನ್ ಕಳಚುವುದನ್ನು ನಿಲ್ಲಿಸಿದಳು. "ಟೆಸ್ಟ್ ಮಾಡಿದ್ರಾ ವೇದಕ್ಕ?"

"ಮತ್ತೇನು? ಎಷ್ಟು ದಿನಾ ಅಂತ ನನ್ನ ಕಾಲ್ ನೋಡ್ಕೋತನ ಈಸ್ತೀ?"

ಮೋಲ್ನ್‌ಡಾಲಿಗೆ ವಾಪಸು ಡ್ರೈವ್ ಮಾಡುವ ಒಂದೂವರೆ ಗಂಟೆ ಪಾವನಾ ಆ ಮಾತನ್ನು ನಂಬಲು ಪ್ರಯತ್ನಿಸಿದಳು. ನಂಬಿಬಿಟ್ಟರೆ ಎಷ್ಟು ಸುಲಭವಾಗಿತ್ತು.

ಪಾವನಾ ತುಮಕೂರಿನವಳು. ಗಂಡ ಸಂದೀಪನಿಗೆ ಮೋಲ್ನ್‌ಡಾಲಿನ ಔಷಧ ಕಂಪನಿಯೊಂದರಲ್ಲಿ ಡೇಟಾ ಕೆಲಸ ಸಿಕ್ಕಿದಾಗ ಇಲ್ಲಿಗೆ ಬಂದಿದ್ದಳು. ಮೊದಲ ಎರಡು ಚಳಿಗಾಲ ಅವಳಿಗೆ ಕೆಲಸವಿರಲಿಲ್ಲ. ಮೂರು ಗಂಟೆಗೇ ಕತ್ತಲಾಗುವ ಕಿಟಕಿಯ ಮುಂದೆ ಕೂತು ಟ್ರಾಮ್ ಎಣಿಸುತ್ತಿದ್ದಳು. ಗೋಥೆನ್‌ಬರ್ಗ್ ನಗರದ ಕನ್ನಡದವರ ಯುಗಾದಿ ಊಟದಲ್ಲಿ, ಗಿಡ್ಡ ಕೂದಲಿನ, ಉಣ್ಣೆ ಸ್ವೆಟರ್ ಹಾಕಿದ ಹೆಂಗಸೊಬ್ಬಳು ಒಬ್ಬಟ್ಟು ತಿನ್ನುತ್ತ, "ಈಸು ಬರ್ತದೇನು?" ಎಂದು ಕೇಳಿದ್ದಳು. ಇಲ್ಲ ಆಂಟಿ ಎಂದಿದ್ದಳು ಪಾವನಾ.

"ಆಂಟಿ ಅಂದ್ರ ನೀರಿಗೆ ನೂಕ್ತೀನಿ. ಬುಧವಾರ ಸಂಜೆ ಆರಕ್ಕ ಈಜುಕೊಳಕ್ಕ ಬಾ."

ಅದು ವೇದವತಿ. ಧಾರವಾಡದಿಂದ ಮೂವತ್ನಾಲ್ಕು ವರ್ಷದ ಹಿಂದೆ ಸಂಶೋಧನೆಗೆಂದು ಬಂದವಳು. ಔಷಧಗಳ ವಿಷಗುಣ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತಳಾಗಿ, ಲೀಸೆಶೀಲಿನಲ್ಲಿ ಸಮುದ್ರ ಕಾಣುವ ಎರಡು ಕೋಣೆಯ ಮನೆ ಕೊಂಡಿದ್ದಳು. ಮದುವೆಯಾಗಿರಲಿಲ್ಲ. ಬೆಂಗಳೂರು, ಮಂಗಳೂರು ಕಡೆಯವರ ನಡುವೆ ತನ್ನ ಧಾರವಾಡದ ಮಾತನ್ನು ಆದಷ್ಟು ತಿದ್ದಿಕೊಂಡು ಆಡುತ್ತಿದ್ದಳು. ಖುಷಿಯಾದಾಗ, ಸಿಟ್ಟು ಬಂದಾಗ ಅದು ತಪ್ಪಿಸಿಕೊಂಡು ಹೊರಬರುತ್ತಿತ್ತು.

ನಾರ್ವೆಯ ಗಡಿಯ ಹತ್ತಿರದ ದ್ವೀಪಗಳಿಂದ ಹಿಡಿದು ದಕ್ಷಿಣದ ಕುಲ್ಲಾಬೆರಿ ಬಂಡೆಗಳವರೆಗೆ, ಮುಳುಗಬಹುದಾದ ಜಾಗಗಳನ್ನೆಲ್ಲ ಅವಳು ನೋಡಿದ್ದಳು. ಹದಿನಾಲ್ಕು ನೋಟ್‌ಬುಕ್‌ಗಳಲ್ಲಿ ಪೆನ್ಸಿಲಿನಿಂದ ಅವುಗಳ ನಕ್ಷೆ ಬರೆದಿದ್ದಳು. ಕಾರು ಎಲ್ಲಿ ನಿಲ್ಲಿಸಬೇಕು, ಯಾವ ಬಂಡೆ ಜಾರುತ್ತದೆ, ಮಧ್ಯಾಹ್ನದ ಮೇಲೆ ನೀರು ಯಾವ ಕಡೆಗೆ ಎಳೆಯುತ್ತದೆ, ಹಡಗಿನ ಅವಶೇಷದ ಯಾವ ಬಾಗಿಲೊಳಗೆ ಹೋಗಬಾರದು, ಎಲ್ಲವೂ ಅದರಲ್ಲಿತ್ತು. ಹುಟ್ಟಿದಾಗಿನಿಂದ ಈ ದಂಡೆಯಲ್ಲೇ ಇದ್ದ ಡೈವಿಂಗ್ ಕ್ಲಬ್ಬಿನ ಲೆನ್ನಾರ್ಟ್ ಕೂಡ ಹೊಸ ಜಾಗಕ್ಕೆ ಹೋಗುವ ಮುಂಚೆ ಅವಳಿಗೆ ಫೋನ್ ಮಾಡುತ್ತಿದ್ದ. ಅವಳು ಫೋನಿನಲ್ಲೇ ಕಣ್ಣು ಮುಚ್ಚಿಕೊಂಡು ಆ ನೀರೊಳಗೆ ಅವನನ್ನು ನಡೆಸಿಕೊಂಡು ಹೋಗುವುದನ್ನು ಪಾವನಾ ಎಷ್ಟೋ ಸಲ ಕೇಳಿದ್ದಳು. ಕೆರೆಯಲ್ಲೂ ಕಾಲಿಡಲು ಹೆದರುತ್ತಿದ್ದ ತಾನು ಈಗ ಚಳಿಗಾಲದ ಸಮುದ್ರಕ್ಕೆ ಇಳಿಯುತ್ತೇನೆ ಎನ್ನುವುದು ತುಮಕೂರಿನಲ್ಲಿ ಯಾರೂ ನಂಬದ ಮಾತು.

ಮರುದಿನ, ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಅವಳು ನಡೆದದ್ದನ್ನೆಲ್ಲ ಸಂದೀಪನಿಗೆ ಹೇಳಿದಳು.

"ಟೆಸ್ಟ್ ಅಲ್ಲ ಅಂತ ನಿಂಗೆ ಹೇಗೆ ಗೊತ್ತು?" ಎಂದ ಅವನು.

"ಕಣ್ಣು ನೋಡಿದೆ ಕಣೋ. ಆಮೇಲೆ ಹಾವ್ಸ್‌ಕಾಟ್ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಹನ್ನೊಂದು ವರ್ಷ ಹುಡ್ಕಿದ್ದಾರೆ. ಅದು ಸಿಕ್ಕಿದ್ರೆ ಅವರು ಸ್ವೀಡನ್ನಿಗೆಲ್ಲ ಫೋನ್ ಮಾಡಿ ಹೇಳೋರು. ನಾನು ಕಾಯ್ತಾನೇ ಇದ್ದೆ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ."

ಸಂದೀಪ ತಟ್ಟೆಯಲ್ಲಿ ಬೆರಳಾಡಿಸಿದ. "ಸಾಟರ್ಡೇ ಸುಹಾಸ್, ಅಪೂರ್ವ ಎಲ್ಲ ಅವರ ಜೊತೆ ಇಳೀತಾರಲ್ವಾ? ಫಸ್ಟ್ ಟೈಮ್ ಅವರಿಗೆ. ಕ್ಲಬ್‌ಗೆ ಒಂದು ಮೇಲ್ ಹಾಕಿಬಿಡು. ಸೇಫ್ಟಿ ವಿಷಯ ಇದು. ಇಲ್ಲಿಯವರಿಗೆ ಅರ್ಥ ಆಗುತ್ತೆ, ಯಾರೂ ತಪ್ಪು ತಿಳ್ಕೊಳಲ್ಲ."

"ವೇದಕ್ಕನಿಗೆ ಹೇಳದೇನಾ?"

"ಅವರಿಗೆ ಹೇಳೋದು ಕಷ್ಟ ಅಂತ ತಾನೇ ನೀನು ನಿನ್ನೆ ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ?"

ಮೇಲ್ ಬರೆಯಲು ಮಂಗಳವಾರ ಎರಡು ಸಲ ಕೂತಳು. ಸ್ವೀಡಿಷಿನಲ್ಲಿ ಅದು ನಾಲ್ಕೇ ಸಾಲಾಯಿತು, ಬಹಳ ಸಭ್ಯವಾಗಿತ್ತು. ಕಳಿಸಲಿಲ್ಲ. ಬುಧವಾರ ಕೆಲಸದಿಂದ ಬೇಗ ಹೊರಟು ಲೀಸೆಶೀಲಿನ ಬಸ್ಸು ಹತ್ತಿದಳು.

ವೇದವತಿ ಬಾಗಿಲು ತೆಗೆದಾಗ ಮನೆಯೊಳಗಿಂದ ಒಗ್ಗರಣೆಯ ವಾಸನೆ ಬಂತು. ಗೋಥೆನ್‌ಬರ್ಗಿನ ಅಂಗಡಿಯಿಂದ ತಂದ ಚುರುಮುರಿಯನ್ನು ನೆನೆಸಿ ಸೂಸ್ಲಾ ಮಾಡುತ್ತಿದ್ದಳು. ಬಚ್ಚಲಮನೆಯ ಬಾಗಿಲಿಗೆ ನೀರಿಗಿಳಿಯುವಾಗ ತೊಡುವ ಡ್ರೈಸೂಟು ತಲೆಕೆಳಗಾಗಿ ನೇತಾಡುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಶನಿವಾರದ ಏರ್ಪಾಡು: ನಾಲ್ಕು ಹೊಸಬರ ಹೆಸರು, ಯಾರಿಗೆ ಎಷ್ಟು ತೂಕದ ಬೆಲ್ಟು, ಯಾರು ಯಾರ ಜೋಡಿ.

"ಫೋನ್ ಮಾಡ್ದೆ ಬಂದಿ ಅಂದ್ರ ಏನೋ ಅದ," ಎಂದಳು, ಬಟ್ಟಲು ಮುಂದೆ ಸರಿಸುತ್ತ.

ಪಾವನಾ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ಆದರೆ ಒಂದು ನೆನಪಿತ್ತು. ಡೈವ್ ಮುಗಿದ ಮೇಲೆ ಹೇಗೆ ಬರೆಯಬೇಕು ಎಂದು ವೇದವತಿ ಹೇಳಿಕೊಟ್ಟಿದ್ದಳು: ಆದದ್ದನ್ನು ಆದ ಕ್ರಮದಲ್ಲಿ ಬರಿ, ನಿನಗೆ ಏನನ್ನಿಸಿತು ಅನ್ನೋದು ಬೇಡ. ಹಾಗೆಯೇ ಹೇಳಿದಳು. ಇಷ್ಟನೇ ನಿಮಿಷದಲ್ಲಿ ಕೇಳಿದೆ, ನೀವು ಹೀಗೆ ತೋರಿಸಿದಿರಿ. ಮತ್ತೆ ಕೇಳಿದೆ, ಮತ್ತೆ ಹೀಗೆ. ಮುಂದೆ ಹೋದಿರಿ, ಗೋಡೆ ಬಲಕ್ಕಿತ್ತು. ಮೀಟರ್ ನೋಡಿದೆ, ಎಪ್ಪತ್ತು. ಆರು ಮೀಟರಿನಲ್ಲಿ ಇಪ್ಪತ್ತು, ನನ್ನ ಗಾಳಿ ಕೊಟ್ಟೆ.

ವೇದವತಿ ಚಮಚ ಕೆಳಗಿಟ್ಟಳು.

"ಹೇಳಿದೆನಲ್ಲ. ಬೇಕಂತನೇ ಮಾಡಿದ್ದು ಅದು."

"ಬೇಕಂತ ಇಪ್ಪತ್ತಕ್ಕೆ ಇಳಿಸ್ತೀರಾ ನೀವು? ಒಂದು ಸಲ ನಾನು ನಲವತ್ತೈದಕ್ಕೆ ಮೇಲೆ ಬಂದೆ ಅಂತ ತಿಂಗಳು ನೀರಿಗೆ ಬಿಟ್ಟಿರ್ಲಿಲ್ಲ."

"ಪಾವನಾ." ಧ್ವನಿ ಬದಲಾಗಿತ್ತು. "ಎರಡು ಸಾವಿರದ ಮುನ್ನೂರು ಸಲ ಇಳದೀನಿ ನಾನು. ನೀ ಎಷ್ಟು? ತೊಂಬತ್ತು? ನನಗ ಹೇಳ್ಲಿಕ್ಕೆ ಬಂದೀಯೇನು ನೀನು, ನೀರಾಗ ಹೆಂಗಿರಬೇಕು ಅಂತ?"

ಪಾವನಾಳ ಮುಖಕ್ಕೆ ರಕ್ತ ನುಗ್ಗಿತು. ಎದ್ದು ಹೋಗಿಬಿಡಬೇಕೆನ್ನಿಸಿತು. ಎದ್ದು ಹೋದರೆ ಶನಿವಾರ ಇವಳೇ ಹೊಸಬರನ್ನು ಇಳಿಸುತ್ತಾಳೆ.

"ಹಾಗಾದ್ರೆ ಆ ಮೀನಿನ ವಿಷಯ ಯಾಕೆ ಹೇಳ್ಲಿಲ್ಲ ವೇದಕ್ಕ?"

"ಯಾವ ಮೀನು?"

ವೇದವತಿ ಪಾವನಾಳ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಕೈ ಚಾಚಿ ಕಪಾಟಿನಿಂದ ಹದಿನಾಲ್ಕನೆಯ ನೋಟ್‌ಬುಕ್ ತೆಗೆದು ಭಾನುವಾರದ ಪುಟ ಬಿಡಿಸಿದಳು. ತಾರೀಕು, ಗಾಳಿ, ನೀರಿನ ಶಾಖ, ಎಷ್ಟು ದೂರ ಕಾಣುತ್ತಿತ್ತು, ಎಲ್ಲ ಅವಳ ಮುದ್ದಾದ ಅಕ್ಷರದಲ್ಲಿತ್ತು. ಕಂಡ ಜೀವಿಗಳು ಎನ್ನುವ ಕಡೆ ನಕ್ಷತ್ರಮೀನು, ಏಡಿ, ಎರಡು ಸೀಗಡಿ. ಅಷ್ಟೆ. ಅವಳ ಬೆರಳು ಆ ಸಾಲಿನ ಮೇಲೆ ಒಮ್ಮೆ ಹೋಗಿ, ಮತ್ತೊಮ್ಮೆ ಹೋಗಿ ನಿಂತಿತು.

"ಏನಿತ್ತು?" ಎಂದಳು ಮೆಲ್ಲಗೆ.

"ಹಾವ್ಸ್‌ಕಾಟ್."

ಕಿಟಕಿಯ ಹೊರಗೆ ಬಂದರಿಗೆ ದೋಣಿಯೊಂದು ಬರುತ್ತಿತ್ತು. ಅದು ಕಟ್ಟೆಗೆ ತಾಗಿ, ಹಗ್ಗ ಬಿದ್ದು, ಇಂಜಿನ್ನಿನ ಸದ್ದು ನಿಲ್ಲುವವರೆಗೂ ವೇದವತಿ ಅದನ್ನೇ ನೋಡಿದಳು.

"ನಾ ನೋಡಿದೆನೇನು ಅದನ್ನ?"

"ನೀವೇ ತೋರ್ಸಿದ್ದು ವೇದಕ್ಕ. ನನ್ನ ತೋಳು ಹಿಡ್ಕೊಂಡಿದ್ರಿ. ಐದು ನಿಮಿಷ ನೋಡಿದ್ರಿ."

"ಐದು ನಿಮಿಷ." ಅವಳು ಕಣ್ಣು ಮುಚ್ಚಿದಳು. ಲೆನ್ನಾರ್ಟನಿಗೆ ಫೋನಿನಲ್ಲಿ ದಾರಿ ಹೇಳುವಾಗ ಮುಚ್ಚುವ ಹಾಗೆಯೇ. ಕೆಳಗಿಳಿದು, ಗೋಡೆಯ ಉದ್ದಕ್ಕೂ ಹುಡುಕುತ್ತಿದ್ದಾಳೆ ಎಂದು ಪಾವನಾಳಿಗೆ ತಿಳಿಯಿತು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದಳು. "ಇಲ್ಲವ್ವಾ. ಏನೂ ಇಲ್ಲ ಅಲ್ಲೆ."

ನೋಟ್‌ಬುಕ್ಕನ್ನು ತಿರುಗಿಸಿ ಪಾವನಾಳ ಕಡೆ ಸರಿಸಿದಳು. ಪೆನ್ಸಿಲನ್ನೂ ಕೊಟ್ಟಳು.

"ಬರಿ. ಎಷ್ಟು ಆಳ, ಯಾವ ಬಿರುಕು, ಉದ್ದ ಎಷ್ಟಿತ್ತು."

ಆ ನೋಟ್‌ಬುಕ್ಕುಗಳಲ್ಲಿ ಬೇರೆ ಯಾರ ಅಕ್ಷರವೂ ಇರಲಿಲ್ಲ. ಪಾವನಾ ಬರೆದಳು. ಇಪ್ಪತ್ತನಾಲ್ಕು ಮೀಟರ್. ಅಡ್ಡ ಬಿರುಕು, ಎಡತುದಿ. ತಲೆ ಮಾತ್ರ ಕಂಡದ್ದರಿಂದ ಉದ್ದ ಹೇಳಲಾಗದು.

"ಹಲ್ಲು ಕಾಣ್ತಿದ್ವೇನು?"

"ಕಾಣ್ತಿದ್ವು."

"ಹಣೀ ಮ್ಯಾಲೆ ಗೆರಿ?"

"ಇತ್ತು. ಅಜ್ಜನ ಹಣೆ ಥರ."

ವೇದವತಿ ತಲೆ ಆಡಿಸಿದಳು. ಅವಳ ಮುಖದಲ್ಲಿ ಇದ್ದದ್ದು ದುಃಖವೋ ಸಂತೋಷವೋ ಪಾವನಾಳಿಗೆ ಗೊತ್ತಾಗಲಿಲ್ಲ. ಎರಡೂ ಇತ್ತೇನೋ. ಆಮೇಲೆ ಅವಳು ಎದ್ದು, ಶನಿವಾರದ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಲೆನ್ನಾರ್ಟನಿಗೆ ಫೋನ್ ಮಾಡಿದಳು. ಸ್ವೀಡಿಷಿನಲ್ಲಿ, ಒಂದು ಶಬ್ದವನ್ನೂ ಮುಚ್ಚಿಡದೆ, ಆದದ್ದನ್ನು ಆದ ಕ್ರಮದಲ್ಲಿ ಹೇಳಿದಳು. ಇಲ್ಲ, ನನಗೆ ನೆನಪಿಲ್ಲ, ನನ್ನ ಜೊತೆಗಿದ್ದವಳು ಹೇಳಿದ್ದು, ಅವಳ ಮಾತು ನಂಬತಕ್ಕದ್ದು ಎಂದಳು. ಹೊಸಬರನ್ನು ನೀನೇ ಇಳಿಸು ಎಂದಳು. ಪಾವನಾ ಸಿಂಕಿನ ಹತ್ತಿರ ನಿಂತು ಬಟ್ಟಲು ತೊಳೆಯುತ್ತ, ಈ ಹೆಂಗಸಿನಷ್ಟು ಧೈರ್ಯ ತನಗೆ ಎಂದಾದರೂ ಬಂದೀತೇ ಎಂದುಕೊಂಡಳು.

"ಈಗ ಬಸ್ಸಿಗೆ ಹೋಗು," ಎಂದಳು ವೇದವತಿ ಫೋನ್ ಇಟ್ಟು. "ನನಗ ಸ್ವಲ್ಪ ದಿವಸ ಫೋನ್ ಮಾಡಬ್ಯಾಡ. ಸಿಟ್ಟಿಲ್ಲ ಅಂತ ಹೇಳಂಗಿಲ್ಲ. ಸಿಟ್ಟದ. ಅದು ಇಳೀಲಿ."

ಅದು ಇಳಿಯಲು ಏಳು ವಾರ ಹಿಡಿಯಿತು. ಆ ಶನಿವಾರ ಲೆನ್ನಾರ್ಟ್ ಹೊಸಬರನ್ನು ಆಳವಿಲ್ಲದ ಕೊಲ್ಲಿಯೊಂದಕ್ಕೆ ಕರೆದುಕೊಂಡು ಹೋದ. ಪಾವನಾ ಸಹಾಯಕ್ಕಿದ್ದಳು. ಸುಹಾಸನ ಮಾಸ್ಕಿಗೆ ನೀರು ನುಗ್ಗಿದಾಗ, ವೇದವತಿ ಮೊದಲು ತನಗೆ ಮಾಡಿದಂತೆ, ಅವನ ಎರಡೂ ಭುಜ ಹಿಡಿದು ಅವನ ಉಸಿರು ಸಮವಾಗುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ವೇದವತಿ ಬರಲಿಲ್ಲ. ಮೇ ತಿಂಗಳಲ್ಲಿ ಲೆನ್ನಾರ್ಟನಿಂದಲೇ ಸುದ್ದಿ ತಿಳಿಯಿತು. ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದಿದ್ದರು. ಮೆದುಳಿನ ಸಣ್ಣದೊಂದು ರಕ್ತನಾಳ ಮುಚ್ಚಿದ ಗುರುತು ಇತ್ತು. ಆ ಭಾನುವಾರವೇ ಆದದ್ದೋ, ಅದಕ್ಕೂ ಮೊದಲೋ ಯಾರೂ ಹೇಳಲಾರರು. ಮಾತ್ರೆ ಕೊಟ್ಟಿದ್ದರು. ನಡೆಯಬಹುದು, ಮೀನು ಹಿಡಿಯಬಹುದು, ಡೈವಿಂಗ್ ಮಾತ್ರ ಇನ್ನು ಇಲ್ಲ. ನೀನು ಸುಮ್ಮನಿದ್ದಿದ್ದರೆ ಅವಳು ಆ ಶನಿವಾರವೂ ಇಳಿಯುತ್ತಿದ್ದಳು ಎಂದ ಲೆನ್ನಾರ್ಟ್. ಅದರಿಂದ ಪಾವನಾಳಿಗೆ ಸಮಾಧಾನವೇನೂ ಆಗಲಿಲ್ಲ.

ಜೂನ್ ಮೊದಲ ವಾರ ಅವಳ ಫೋನಿಗೆ ಒಂದು ಚಿತ್ರ ಬಂತು. ನೋಟ್‌ಬುಕ್ಕಿನ ಒಂದು ಪುಟ. ಕರಿಗೋಡೆಯ ಹೊಸ ನಕ್ಷೆ. ಅಡ್ಡ ಬಿರುಕನ್ನು ಪೆನ್ಸಿಲಿನಿಂದ ಗಟ್ಟಿಯಾಗಿ ತಿದ್ದಿತ್ತು. ಕೆಳಗೆ ಸಂದೇಶ: "ಲೆನ್ನಾರ್ಟನ ಜೊತೆ ಭಾನುವಾರ ಹೋಗು. ಗಂಡು ಹೆಣ್ಣು ಜೋಡೀಲೆ ಇರ್ತಾವ. ಇನ್ನೊಂದು ಅಲ್ಲೇ ಹತ್ತಿರ ಇರಬೇಕು. ನಾನೂ ದಂಡಿಗೆ ಬರ್ತೀನಿ."

ಭಾನುವಾರ ಗಾಳಿಯಿರಲಿಲ್ಲ, ಮೇಲಿನ ನೀರೂ ತಿಳಿಯಾಗಿತ್ತು. ವೇದವತಿ ನೀರಿಗೆ ಚಾಚಿದ ಮರದ ಕಟ್ಟೆಯ ಮೇಲೆ ಇದ್ದಳು, ಸ್ವಲ್ಪ ತೆಳ್ಳಗಾಗಿದ್ದಳು. ಪಕ್ಕದಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದು ಪಕ್ಕ ತಳಕ್ಕೆ ಗಾಜು ಹಾಕಿದ ಒಂದು ಬಕೆಟ್ಟು. ಇಲ್ಲಿನ ಮಕ್ಕಳು ಏಡಿ ನೋಡಲು ನೀರಿಗೆ ಒತ್ತಿ ಹಿಡಿಯುವಂಥದು. ಪಾವನಾ ಏನು ಹೇಳಬೇಕೆಂದು ತಿಳಿಯದೆ ನಿಂತಾಗ, ಅವಳ ಕುತ್ತಿಗೆಯ ಹತ್ತಿರದ ಜಿಪ್ಪನ್ನು ಎಳೆದು ನೋಡಿ, "ಪೂರ್ತಿ ಹಾಕಿಲ್ಲ ಇದನ್ನ," ಎಂದು ಗಟ್ಟಿಯಾಗಿ ಎಳೆದಳು. ಬೆನ್ನಿಗೆ ಒಂದು ಸಲ ತಟ್ಟಿದಳು.

ಕೆಳಗೆ ಹಾವ್ಸ್‌ಕಾಟ್ ಅದೇ ಬಿರುಕಿನಲ್ಲಿತ್ತು. ಎರಡು ಮಾರು ಆಚೆ, ನಕ್ಷೆಯಲ್ಲಿ ಸುಮ್ಮನೆ ಒಂದು ಪ್ರಶ್ನೆಚಿಹ್ನೆ ಹಾಕಿದ್ದ ಕಡೆ, ಇನ್ನೊಂದು ಇತ್ತು. ಲೆನ್ನಾರ್ಟ್ ನೀರಿನೊಳಗೇ ನಕ್ಕದ್ದು ಗುಳ್ಳೆಗಳಲ್ಲಿ ಗೊತ್ತಾಯಿತು.

ಹಿಂದಿರುಗುವಾಗ, ಆಳದ ಒತ್ತಡ ಮೈಯಿಂದ ಇಳಿಯಲೆಂದು, ಕಟ್ಟೆಯ ಹತ್ತಿರ ಮೂರು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಿತ್ತು. ಪಾವನಾ ಕಂಬವೊಂದನ್ನು ಹಿಡಿದುಕೊಂಡು ಮೇಲೆ ನೋಡಿದಳು. ನೀರಿನ ಹೊಳೆಯುವ ಚಾವಣಿಯಲ್ಲಿ ಒಂದು ಕಡೆ ಮಾತ್ರ ದುಂಡಗೆ ಅಲೆಯಿಲ್ಲದ ತಿಳಿಜಾಗವಿತ್ತು. ಅದರ ತುಂಬ ವೇದವತಿಯ ಮುಖ. ಕಟ್ಟೆಯ ಮೇಲೆ ಬೋರಲು ಮಲಗಿ, ಬಕೆಟ್ಟಿನೊಳಗೆ ತಲೆ ಹಾಕಿ, ಅವಳು ಕಂಬದ ಪಾಚಿಯನ್ನೂ ಅದರ ಮೇಲಿನ ಸಣ್ಣ ಏಡಿಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು. ತುಟಿಗಳು ಅಲ್ಲಾಡುತ್ತಿದ್ದವು. ಏನು ಹೇಳುತ್ತಿದ್ದಾಳೆಂದು ಕೇಳಿಸುತ್ತಿರಲಿಲ್ಲ. ಮೂರು ನಿಮಿಷ ಆಗಿಹೋಗಿತ್ತು. ಲೆನ್ನಾರ್ಟ್ ಮೇಲೆ ಹೋದ. ಪಾವನಾ ಕಂಬ ಬಿಡದೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು.